ಅಲ್ಜಿಯರ್ಸ್ ಒಡಂಬಡಿಕೆ (1981)

ಟೆಹರಾನಿನ ಒತ್ತೆಯಾಳು ಬಿಕ್ಕಟ್ಟನ್ನು ಕೊನೆಗಾಣಿಸಲು ಅಮೆರಿಕ ಮತ್ತು ಇರಾನ್ ಒಪ್ಪಿಕೊಂಡ ಕಟ್ಟುಪಾಡುಗಳ ಸಾಮಾನ್ಯ ಹೆಸರು. ಮಧ್ಯಸ್ಥಿಕೆ ವಹಿಸಿದ ಅಲ್ಜೀರಿಯ ಸರ್ಕಾರವು 1981ರ ಜನವರಿ 19ರಂದು ಇವನ್ನು ತನ್ನ ಘೋಷಣೆಗಳಾಗಿ ಹೊರಡಿಸಿತು.

1979ರ ನವೆಂಬರ್ 4ರಂದು ಇರಾನಿನ ವಿದ್ಯಾರ್ಥಿಗಳು ಅಮೆರಿಕದ ರಾಯಭಾರ ಕಚೇರಿಗೆ ನುಗ್ಗಿ ಸಿಬ್ಬಂದಿಯನ್ನು ಸೆರೆಹಿಡಿದರು. ಕೆಲವರು ಬಿಡುಗಡೆಯಾದರೂ 52 ಮಂದಿ ಕೊನೆಯವರೆಗೆ ಉಳಿದರು. ಅಮೆರಿಕ ಇರಾನಿನ ಆಸ್ತಿಯನ್ನು ಸ್ತಂಭನಗೊಳಿಸಿತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್ ಟೆಹರಾನಿಗೆ ಹೋಗಿ ಬರಿಗೈಲಿ ಮರಳಿದರು. 1980ರ ಏಪ್ರಿಲ್‌ನ ಸೈನಿಕ ಕಾರ್ಯಾಚರಣೆ ಮರುಭೂಮಿಯಲ್ಲೇ ಮುಗ್ಗರಿಸಿ ಎಂಟು ಅಮೆರಿಕನ್ ಯೋಧರು ಸತ್ತರು. ಸೆಪ್ಟೆಂಬರಿನಲ್ಲಿ ಇರಾನಿನ ನಾಯಕ ಖೊಮೇನಿ ನಾಲ್ಕು ಷರತ್ತು ಮುಂದಿಟ್ಟರು: ಪದಚ್ಯುತ ದೊರೆ ಷಾನ ಸಂಪತ್ತು ಹಿಂದಿರುಗಬೇಕು, ಇರಾನಿನ ಹಣ ಬಿಡುಗಡೆಯಾಗಬೇಕು, ಅಮೆರಿಕನ್ನರ ದಾವೆಗಳು ರದ್ದಾಗಬೇಕು, ಇರಾನಿನ ಒಳವ್ಯವಹಾರದಲ್ಲಿ ಅಮೆರಿಕ ಕೈಹಾಕಬಾರದು.

ಮಧ್ಯಸ್ಥನೆಂದರೆ ಎರಡೂ ಕಡೆಗೆ ಸಂಬಂಧವಿಲ್ಲದ ಹೊರಗಿನವನಾಗಿರಬೇಕು ಎಂಬುದು ಪಾಶ್ಚಾತ್ಯ ಕಾನೂನು ಚಿಂತನೆಯ ರೂಢಿ. ಅಲ್ಜೀರಿಯ ಆ ಅಳತೆಗೆ ಒಗ್ಗುವ ದೇಶವಾಗಿರಲಿಲ್ಲ. ಅದು ಕ್ರಾಂತಿಯಿಂದ ಹುಟ್ಟಿದ್ದು, ಮುಸ್ಲಿಂ ಬಹುಸಂಖ್ಯಾತವಾದದ್ದು. ರಾಜತಾಂತ್ರಿಕ ಸಂಬಂಧ ಕಡಿದ ಮೇಲೆ ವಾಷಿಂಗ್ಟನ್ನಿನಲ್ಲಿ ಇರಾನಿನ ಹಿತಾಸಕ್ತಿ ನೋಡಿಕೊಳ್ಳುತ್ತಿದ್ದದ್ದೂ ಅದರ ರಾಯಭಾರ ಕಚೇರಿಯೇ. ಟೆಹರಾನ್ ಅದನ್ನು ಬಾಗಿಲೊಳಗೆ ಬಿಟ್ಟುಕೊಂಡದ್ದು ಈ ನಂಟಿನಿಂದಲೇ ಎನ್ನಬಹುದು. ವಿದೇಶಾಂಗ ಮಂತ್ರಿ ಮೊಹಮ್ಮದ್ ಸದ್ದೀಕ್ ಬೆನ್‌ಯಾಹಿಯಾ ಮತ್ತು ವಾಷಿಂಗ್ಟನ್ ರಾಯಭಾರಿ ರೆಧಾ ಮಾಲೆಕ್, ಇಬ್ಬರೂ ಫ್ರಾನ್ಸ್ ಜತೆಗಿನ ಎವಿಯಾನ್ ಮಾತುಕತೆಯಲ್ಲಿ ಕೂತು ಸ್ವಾತಂತ್ರ್ಯ ಗಳಿಸಿದ ತಂಡದವರು. ಇರಾನಿನ ಹೊಸ ಕ್ರಾಂತಿಯ ಬಿರುಸನ್ನೂ ಅನುಮಾನವನ್ನೂ ಈ ಇಬ್ಬರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

1980ರ ನವೆಂಬರಿನಿಂದ ನಡೆದ ಈ ಮಾತುಕತೆಯಲ್ಲಿ ಎರಡು ಪಕ್ಷಗಳು ಮುಖಾಮುಖಿಯಾಗಲಿಲ್ಲ. ಅಮೆರಿಕದ ಪರವಾಗಿ ವಾರೆನ್ ಕ್ರಿಸ್ಟೋಫರ್, ಇರಾನಿನ ಪರವಾಗಿ ಬೆಹ್ಜಾದ್ ನಬವಿ. ನಡುವೆ ಓಡಾಡಿದ್ದು ಮಾಲೆಕ್, ಟೆಹರಾನಿನಲ್ಲಿದ್ದ ಅಲ್ಜೀರಿಯದ ರಾಯಭಾರಿ ಅಬ್ದೆಲ್‌ಕರೀಮ್ ಘೆರೈಯೆಬ್ ಮತ್ತು ಕೇಂದ್ರ ಬ್ಯಾಂಕಿನ ಗವರ್ನರ್ ಮೊಸ್ತೆಫಾಯಿ. ಬ್ಯಾಂಕರೊಬ್ಬರನ್ನು ತಂಡಕ್ಕೆ ಸೇರಿಸಿಕೊಂಡದ್ದು ಜಾಣತನ, ಏಕೆಂದರೆ ಗಂಟು ಬಿದ್ದಿದ್ದದ್ದು ಬಹುಪಾಲು ಹಣದಲ್ಲಿ. ಪ್ರತಿ ಪ್ರಸ್ತಾಪ ಇಂಗ್ಲಿಷ್, ಫ್ರೆಂಚ್, ಪಾರ್ಸಿ ಭಾಷೆಗಳನ್ನು ದಾಟಿ ಬರಬೇಕಿತ್ತು. ಅಮೆರಿಕದ ಅಧ್ಯಕ್ಷರೂ ನ್ಯಾಯಾಲಯ, ಕಾನೂನುಗಳನ್ನು ಮೀರಲಾರರು ಎಂಬುದನ್ನು ಟೆಹರಾನಿಗೆ ಮನಗಾಣಿಸುವ ಕೆಲಸವೂ ಇವರ ಪಾಲಿಗೆ ಬಂತು. ಡಿಸೆಂಬರಿನಲ್ಲಿ ಇರಾನ್ 2,400 ಕೋಟಿ ಡಾಲರ್ ಠೇವಣಿ ಕೇಳಿದಾಗ ಎಲ್ಲವೂ ಮುರಿದುಬೀಳುವಂತಿತ್ತು.

ಕೊನೆಗೆ ಸುಮಾರು 800 ಕೋಟಿ ಡಾಲರ್ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಲ್ಜೀರಿಯದ ಕೇಂದ್ರ ಬ್ಯಾಂಕಿನ ಹೆಸರಿನ ಖಾತೆಗೆ ಬಂತು. ಅದರಲ್ಲಿ ದೊಡ್ಡ ಪಾಲು ಹಳೆಯ ಸಾಲಗಳಿಗೆ ಹೋಗಿ, ಇರಾನಿನ ಕೈಗೆ ತಕ್ಷಣ ದಕ್ಕಿದ್ದು 300 ಕೋಟಿಗಿಂತ ಕಡಿಮೆ. ಅಮೆರಿಕ ಕ್ಷಮೆ ಕೇಳಲಿಲ್ಲ. ಹಸ್ತಕ್ಷೇಪ ಮಾಡುವುದಿಲ್ಲವೆಂದು ಮಾತು ಕೊಟ್ಟಿತು. ಜನವರಿ 20ರಂದು, ಅಮೆರಿಕದ ಹೊಸ ಅಧ್ಯಕ್ಷ ರೇಗನ್ ಪ್ರಮಾಣವಚನ ಮುಗಿಸಿದ ಕೆಲವೇ ನಿಮಿಷಗಳಲ್ಲಿ, 444 ದಿನಗಳ ಸೆರೆಯ ನಂತರ ಒತ್ತೆಯಾಳುಗಳು ಅಲ್ಜೀರಿಯದ ವಿಮಾನದಲ್ಲಿ ಹೊರಟರು.

ಬೆನ್‌ಯಾಹಿಯಾ ಮುಂದೆ ಇರಾನ್–ಇರಾಕ್ ಯುದ್ಧದಲ್ಲೂ ಸಂಧಾನಕ್ಕೆ ಇಳಿದರು. 1982ರ ಮೇ ತಿಂಗಳಲ್ಲಿ ಅದೇ ಕೆಲಸಕ್ಕೆ ಟೆಹರಾನಿಗೆ ಹೊರಟಿದ್ದಾಗ ಅವರ ವಿಮಾನವನ್ನು ಹೊಡೆದುರುಳಿಸಲಾಯಿತು.

ಒಡಂಬಡಿಕೆಯ ದೀರ್ಘಾಯುಷಿ ಕೂಸು ಹೇಗ್ ನಗರದ ಇರಾನ್–ಅಮೆರಿಕ ದಾವೆಗಳ ನ್ಯಾಯಮಂಡಳಿ. ಒಂಬತ್ತು ಪಂಚರಲ್ಲಿ ಮೂವರು ಇರಾನಿನವರು, ಮೂವರು ಅಮೆರಿಕದವರು, ಮೂವರು ಬೇರೆ ದೇಶದವರು. 1990ರಲ್ಲಿ ಸಣ್ಣ ಮೊತ್ತದ ಸಾವಿರಾರು ದಾವೆಗಳನ್ನು 10.5 ಕೋಟಿ ಡಾಲರಿನ ಒಂದೇ ಪಾವತಿಯಲ್ಲಿ ಇತ್ಯರ್ಥಪಡಿಸಲಾಯಿತು. ಖಾಸಗಿ ದಾವೆಗಳು ತೀರಿದ ಮೇಲೂ ಷಾನ ಕಾಲದ ಶಸ್ತ್ರಾಸ್ತ್ರ ಖರೀದಿಯಂಥ ಸರ್ಕಾರಗಳ ನಡುವಿನ ವ್ಯಾಜ್ಯಗಳು ದಶಕಗಳವರೆಗೆ ಅದರ ಮುಂದೆ ಉಳಿದವು.