ಕಳ್ಳಿ ಲ್ಯಾಟಿನ್ ಕಲಿತ ಬಗೆ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮಿತ್ರರೊಬ್ಬರ ಮನೆಯಿದೆ. ಮುಂದೆ ಅಂಗಳವೆಂದು ಹೇಳಿಕೊಳ್ಳುವಷ್ಟು ಜಾಗವಿಲ್ಲ. ಇರುವ ಮೂರು ಮೆಟ್ಟಿಲುಗಳ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಅವರ ಮಗ ಸಣ್ಣ ಸಣ್ಣ ಕುಂಡಗಳನ್ನು ಜೋಡಿಸಿದ್ದಾನೆ. ಎಲ್ಲವೂ ವಾರಕ್ಕೊಂದು ಲೋಟ ನೀರಿನಲ್ಲಿ ತೃಪ್ತಿಪಡುವ ಗಿಡಗಳು. ದಪ್ಪ ಎಲೆ, ದಪ್ಪ ಕಾಂಡ, ಒಳಗೆಲ್ಲ ರಸ. ಪೇಟೆಯಲ್ಲಿ ಇವನ್ನು ‘ಸಕ್ಯುಲೆಂಟ್’ ಎಂದು ಮಾರುತ್ತಾರೆ. ಲ್ಯಾಟಿನ್ನಿನಲ್ಲಿ ‘ಸುಕ್ಕುಸ್’ ಎಂದರೆ ರಸ. ನಾವು ರಸಗಿಡಗಳೆಂದು ಕರೆದರೆ ತಪ್ಪಾಗಲಾರದು.

ಕಳೆದ ಬೇಸಗೆಯಲ್ಲಿ ಅಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದಾಗ ಮನೆಯ ಮೂರು ವರ್ಷದ ಕೂಸು ಒಂದು ಕುಂಡಕ್ಕೆ ಕೈಹಾಕಿತು. ಹಸಿರು ಪೆನ್ಸಿಲುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿದಂತಿದ್ದ, ಎಲೆಯೇ ಇಲ್ಲದ ಗಿಡ ಅದು. ಜಗಳೂರಿನ ಕಡೆಯ ಹಳ್ಳಿಯಿಂದ ಬಂದಿದ್ದ ಅಜ್ಜಿ ಒಳಗಿನಿಂದಲೇ ಕೂಗಿದರು: “ಏ ಕೂಸೇ, ಮುರೀಬ್ಯಾಡ! ಕಳ್ಳಿ ಅದು, ಹಾಲು ಕಣ್ಣಿಗೆ ಬಿದ್ದರ ಕಣ್ಣು ಹೋಗ್ತೈತಿ!” ತಾಯಿ ಓಡಿಬಂದು ಮಗುವನ್ನು ಎತ್ತಿಕೊಂಡಳು. ಮಿತ್ರರ ಮಗನಿಗೆ ಮಾತ್ರ ಅವಮಾನವಾದಂತಾಯಿತು. “ಅದು ಕಳ್ಳಿ ಅಲ್ಲಜ್ಜಿ, ಪೆನ್ಸಿಲ್ ಕ್ಯಾಕ್ಟಸ್. ಚೀಟಿ ನೋಡು” ಎಂದ.

ಚೀಟಿಯನ್ನು ಅಜ್ಜಿ ನೋಡಲಿಲ್ಲ, ನಾನು ನೋಡಿದೆ. ಮೇಲಿನ ಸಾಲಿನಲ್ಲಿ ದಪ್ಪಕ್ಷರಗಳಲ್ಲಿ ‘ಪೆನ್ಸಿಲ್ ಕ್ಯಾಕ್ಟಸ್’ ಎಂದಿತ್ತು. ಕೆಳಗೆ, ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣಗೆ, ಓರೆಯಕ್ಷರಗಳಲ್ಲಿ ‘ಯೂಫೋರ್ಬಿಯ ತಿರುಕಲ್ಲಿ’ ಎಂದಿತ್ತು. ಮೇಲಿನ ಸಾಲು ತಪ್ಪು, ಕೆಳಗಿನದು ಸರಿ. ಆ ಕೆಳಗಿನ ಸಾಲು ಅಜ್ಜಿಯ ಮಾತನ್ನೇ ಹೇಳುತ್ತಿತ್ತು.

ಮೇಲಿನ ಸಾಲಿನ ತಪ್ಪು ಬರಿಯ ಹೆಸರಿನ ತಪ್ಪಲ್ಲ. ಕ್ಯಾಕ್ಟಸ್ ಕುಟುಂಬದ ಗಿಡವನ್ನು ಮುರಿದರೆ ಸಾಮಾನ್ಯವಾಗಿ ಬರುವುದು ನೀರಿನಂಥ ಲೋಳೆ. ಯೂಫೋರ್ಬಿಯವನ್ನು ಮುರಿದರೆ ಬಿಳಿಯ ಹಾಲು ಸುರಿಯುತ್ತದೆ. ಅದು ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಬಿದ್ದರೆ ತಾಳಲಾರದ ಉರಿ, ಕೆಲವು ದಿನ ದೃಷ್ಟಿಯೇ ಮಂಜಾಗುವುದೂ ಉಂಟು. ಕೂಡಲೇ ಬಹಳ ಹೊತ್ತು ನೀರಿನಿಂದ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ‘ಕಳ್ಳಿ’ ಎಂಬ ಎರಡಕ್ಷರದಲ್ಲಿ ಈ ಎಚ್ಚರಿಕೆಯಿತ್ತು, ‘ಪೆನ್ಸಿಲ್ ಕ್ಯಾಕ್ಟಸ್’ನಲ್ಲಿ ಇರಲಿಲ್ಲ.

ಜಗಳೂರಿನ ಅಜ್ಜಿಯ ಕಳ್ಳಿ ಲ್ಯಾಟಿನ್ನಿಗೆ ಹೋದದ್ದು ಹೇಗೆ? ಕಥೆ ಕೊಚ್ಚಿಯಲ್ಲಿ ಮೊದಲಾಗುತ್ತದೆ. 17ನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಅಲ್ಲಿ ಡಚ್ಚರ ಅಧಿಪತಿಯಾಗಿದ್ದವನು ಹೆಂಡ್ರಿಕ್ ವಾನ್ ರೀಡ್. ಮಲಬಾರಿನ ಗಿಡಮರಗಳನ್ನೆಲ್ಲ ಚಿತ್ರಸಮೇತ ಬರೆಯಿಸಬೇಕೆಂದು ಅವನು ಹಟತೊಟ್ಟ. ಫಲವಾಗಿ ‘ಹಾರ್ಟಸ್ ಮಲಬಾರಿಕಸ್’ ಎಂಬ ಗ್ರಂಥ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. 700ಕ್ಕೂ ಹೆಚ್ಚು ಗಿಡಗಳ ವಿವರ ಅದರಲ್ಲಿದೆ. ಡಚ್ಚರಿಗೆ ಗಿಡಗಳ ಹೆಸರು, ಗುಣ, ಬಳಕೆ ಹೇಳಿಕೊಟ್ಟವರು ಇಲ್ಲಿಯವರೇ: ಇಟ್ಟಿ ಅಚ್ಯುತನ್ ಎಂಬ ಮಲೆಯಾಳಿ ವೈದ್ಯ, ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಇವರು ಕೊಟ್ಟ ಪ್ರಮಾಣಪತ್ರಗಳು ಮೊದಲ ಸಂಪುಟದಲ್ಲೇ ಇವೆ. ಕೊಂಕಣಿಯದು ನಾಗರೀ ಲಿಪಿಯಲ್ಲಿ. ನಮ್ಮ ಕರಾವಳಿಯುದ್ದಕ್ಕೂ ಆಡುವ ಮಾತು ಮುದ್ರಣಯಂತ್ರವನ್ನು ಕಂಡ ಹಳೆಯ ಸಂದರ್ಭಗಳಲ್ಲಿ ಇದೊಂದು. ಊರೂರಿನ ವೈದ್ಯರ ಹೆಸರನ್ನು ಪುಸ್ತಕದಲ್ಲಿ ಹಾಕಿ ಋಣ ಒಪ್ಪಿಕೊಂಡ ರೀಡನ ದೊಡ್ಡತನವನ್ನು ಅವನ ಪುಸ್ತಕದಿಂದ ಎತ್ತಿಕೊಂಡ ಮುಂದಿನವರೆಲ್ಲರೂ ತೋರಿಸಲಿಲ್ಲ.

ಆ ಗ್ರಂಥದ ಎರಡನೆಯ ಸಂಪುಟದಲ್ಲಿ ಮೂರು ಕಳ್ಳಿಗಳು ಅಕ್ಕಪಕ್ಕದಲ್ಲಿ ನಿಂತಿವೆ: ಷದಿದ ಕಳ್ಳಿ, ಎಲ ಕಳ್ಳಿ, ತಿರುಕಳ್ಳಿ. ಲ್ಯಾಟಿನ್ ಅಕ್ಷರಗಳಲ್ಲಿ ನಮ್ಮ ‘ಳ್ಳಿ’ಗೆ ಎಡೆಯಿಲ್ಲವಾದ್ದರಿಂದ ಅದು ‘ಕಲ್ಲಿ’ಯಾಯಿತು. ಕಳ್ಳಿ ಎಂಬ ಮಾತು ಕನ್ನಡ, ತಮಿಳು, ಮಲೆಯಾಳಗಳಿಗೆ ಸಮಾನವಾದದ್ದು. (ನಮ್ಮಲ್ಲಿ ಕಳ್ಳನ ಹೆಂಗಸಿಗೂ ಅದೇ ಹೆಸರಿರುವುದರಿಂದ ಆಗುವ ತಮಾಷೆ ಲ್ಯಾಟಿನ್ನಿನವರಿಗೆ ದಕ್ಕಲಿಲ್ಲ.) ‘ತಿರು’ ಎಂದರೆ ಶ್ರೀ ಎಂದು ಕೆಲವರು ಹೇಳುವುದುಂಟು. ಆದರೆ ತಮಿಳರು ಇದೇ ಗಿಡವನ್ನು ‘ತಿರುಕುಕಳ್ಳಿ’ ಎನ್ನುತ್ತಾರೆ. ಅದು ನಮ್ಮ ‘ತಿರುಗು’, ‘ತಿರುಚು’ಗಳ ಬಂಧು. ಅಡ್ಡಾದಿಡ್ಡಿ ತಿರುಚಿಕೊಂಡು ಬೆಳೆಯುವ ಈ ಬೇಲಿಗಿಡಕ್ಕೆ ಶ್ರೀಕಾರಕ್ಕಿಂತ ಇದೇ ಒಪ್ಪುತ್ತದೆಂದು ನನ್ನ ಎಣಿಕೆ.

ರೀಡನ ಸಂಪುಟಗಳು ಸ್ವೀಡನ್ನಿನ ಕಾರ್ಲ್ ಲಿನೇಯಸನ ಮೇಜಿನ ಮೇಲೆ ಬಂದವು. ಅವನು ಇಂಡಿಯಾವನ್ನು ಕಂಡವನಲ್ಲ. 1753ರಲ್ಲಿ ಅವನು ಪ್ರಕಟಿಸಿದ ‘ಸ್ಪೀಸೀಸ್ ಪ್ಲಾಂಟಾರಮ್’ನಲ್ಲಿ ಜಗತ್ತಿನ ಸುಮಾರು 6,000 ಗಿಡಗಳಿಗೆ ಎರಡೆರಡು ಮಾತಿನ ಹೆಸರು ದೊರೆಯಿತು: ಮೊದಲನೆಯದು ಕುಲದ್ದು, ಎರಡನೆಯದು ಜಾತಿಯದು. ಲಿನೇಯಸನಿಗೆ ಒಂದು ಮಡಿಯಿತ್ತು. ಗ್ರೀಕ್ ಲ್ಯಾಟಿನ್ ಮೂಲದ್ದಲ್ಲದ ಮಾತು ಕುಲದ ಹೆಸರಾಗಕೂಡದೆಂದು 1751ರ ‘ಫಿಲಾಸಫಿಯ ಬೊಟಾನಿಕ’ದಲ್ಲಿ ಅವನು ನಿಯಮ ಬರೆದಿದ್ದ. ಆದ್ದರಿಂದ ಕಳ್ಳಿಗೆ ಜಗಲಿಯಲ್ಲಷ್ಟೇ ಜಾಗ ಸಿಕ್ಕಿತು. ಒಳಮನೆಯಲ್ಲಿ ಕುಳಿತವನು ಯೂಫೋರ್ಬಸ್.

ಈ ಯೂಫೋರ್ಬಸ್ ಒಬ್ಬ ವೈದ್ಯ. ಸುಮಾರು 2,000 ವರ್ಷಗಳ ಹಿಂದೆ ಉತ್ತರ ಆಫ್ರಿಕದ ಮಾರಿಟೇನಿಯದಲ್ಲಿ ಎರಡನೆಯ ಜೂಬ ಎಂಬ ವಿದ್ಯಾವಂತ ರಾಜನಿದ್ದ. ಈಜಿಪ್ಟಿನ ಕ್ಲಿಯೋಪಾತ್ರಳ ಮಗಳನ್ನು ಕೈಹಿಡಿದವನು. ಅಟ್ಲಾಸ್ ಪರ್ವತದಲ್ಲಿ ಸಿಕ್ಕಿದ ಹಾಲುಗಿಡವೊಂದಕ್ಕೆ ಅವನು ತನ್ನ ವೈದ್ಯನ ಹೆಸರಿಟ್ಟನೆಂದು ಪ್ಲಿನಿ ಬರೆದಿದ್ದಾನೆ. ಗ್ರೀಕಿನಲ್ಲಿ ಆ ಹೆಸರಿಗೆ ‘ಚೆನ್ನಾಗಿ ಮೇದವನು’ ಎಂಬ ಅರ್ಥವಿದೆ. ಕೊಬ್ಬಿದ ಗಿಡಕ್ಕೆ ಹೊಂದಿಕೊಂಡಿತು. ಹೀಗೆ ವಿದ್ಯಾನಗರದ ಕುಂಡದ ಚೀಟಿಯಲ್ಲಿ ಮಾರಿಟೇನಿಯದ ವೈದ್ಯನೂ ಮಲಬಾರಿನ ಬೇಲಿಯೂ ಜೊತೆಗೂಡಿವೆ. ಸೋಜಿಗವೆಂದರೆ ಗಿಡದ ತವರು ಆಫ್ರಿಕ. ನಮ್ಮ ನಾಡಿಗೆ ಬಂದು, ನಮ್ಮ ಬೇಲಿಗೆ ನಿಂತು, ನಮ್ಮ ಹೆಸರನ್ನು ಹೊತ್ತು ಅದು ಜಗತ್ತಿಗೆ ಪರಿಚಯವಾಯಿತು.

ಈ ಕಥೆಗೂ ದಾವಣಗೆರೆಗೂ ಇನ್ನೊಂದು ನಂಟಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪೆನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯನನ್ನು ಮೈಸೂರು ಸೀಮೆಯ ಸಮೀಕ್ಷೆಗೆ ಕಳಿಸಿದರು. ಮಲಬಾರು, ಕೆನರಾಗಳನ್ನು ಸುತ್ತಿ ಘಟ್ಟ ಹತ್ತಿದ ಅವನು 1801ರಲ್ಲಿ ಹರಿಹರದ ಹೊಳೆಯನ್ನೂ ದಾವಣಗೆರೆಯ ಕಂಬಳಿ ವ್ಯಾಪಾರವನ್ನೂ ಕಂಡು ಚಿತ್ರದುರ್ಗದ ಕಡೆ ಹೋದ. 1807ರಲ್ಲಿ ಬಂದ ಅವನ ಪ್ರವಾಸಗ್ರಂಥವನ್ನು ಇತಿಹಾಸ ಬಲ್ಲವರೆಲ್ಲ ಬಲ್ಲರು. ಅವನು ಒಳ್ಳೆಯ ಸಸ್ಯಶಾಸ್ತ್ರಜ್ಞನಾಗಿದ್ದನೆಂಬುದು, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಸೇರಿಸಿಕೊಂಡು ರೀಡನ ಗ್ರಂಥಕ್ಕೇ ವ್ಯಾಖ್ಯಾನ ಬರೆದನೆಂಬುದು ಅಷ್ಟಾಗಿ ಗೊತ್ತಿಲ್ಲ. ರೀಡನ ಎಲಕಳ್ಳಿಯನ್ನು ಲಿನೇಯಸ್ ‘ಯೂಫೋರ್ಬಿಯ ನೆರಿಫೋಲಿಯ’ಕ್ಕೆ, ಎಂದರೆ ಕಣಗಿಲೆಯೆಲೆಯ ಕಳ್ಳಿಗೆ, ಸೇರಿಸಿಬಿಟ್ಟಿದ್ದ. ಅವೆರಡೂ ಬೇರೆ ಬೇರೆ ಎಂದು ಬುಕಾನನ್ ತಕರಾರು ತೆಗೆದ. 1825ರಲ್ಲಿ ಎಲಕಳ್ಳಿಗೆ ‘ಯೂಫೋರ್ಬಿಯ ನಿವುಲಿಯ’ ಎಂಬ ಹೊಸ ಹೆಸರು ಅಚ್ಚಾಯಿತು. ಇಂದಿಗೂ ಅದೇ ಹೆಸರು. ಅದರ ಬೆನ್ನಿಗೆ ಬುಕಾನನ್-ಹ್ಯಾಮಿಲ್ಟನ್ನನ ಸಂಕ್ಷಿಪ್ತ ರುಜುವೂ ಇರುತ್ತದೆ. ಗಿಡವನ್ನು ಅದರ ನಾಡಿನಲ್ಲಿ ಕಂಡವನಿಗೂ ಉಪ್ಸಾಲದ ಮೇಜಿನಲ್ಲಿ ಕಂಡವನಿಗೂ ಇರುವ ಅಂತರ ಇಷ್ಟು.

ಲಿನೇಯಸನ ಮಡಿಯನ್ನು ಒಂದು ಗಿಡ ಮುರಿಯಿತು. ಅದು ನಮ್ಮ ಬಸಳೆ. ರೀಡನ ಏಳನೆಯ ಸಂಪುಟದಲ್ಲಿ ‘ಬಸೆಲ್ಲ’ ಎಂದಿದ್ದುದು ಗ್ರೀಕಿನ ಹಂಗಿಲ್ಲದೆ ನೇರವಾಗಿ ಕುಲದ ಹೆಸರಾಯಿತು: ಕೆಂಪು ದಂಟಿನದು ‘ಬಸೆಲ್ಲ ರೂಬ್ರ’, ಬಿಳಿಯದು ‘ಬಸೆಲ್ಲ ಆಲ್ಬ’. ಈಗ ಅವೆರಡನ್ನೂ ಒಂದೇ ಎಣಿಸಿ ‘ಆಲ್ಬ’ವನ್ನೇ ಉಳಿಸಿಕೊಂಡಿದ್ದಾರೆ. ಕುಲದ ಹೆಸರಿನಿಂದ ಕುಟುಂಬದ ಹೆಸರು ಕಟ್ಟುವುದು ಶಾಸ್ತ್ರದ ಪದ್ಧತಿಯಾದ್ದರಿಂದ ‘ಬಸೆಲೇಸೀ’ ಎಂಬ ಕುಟುಂಬವೇ ಹುಟ್ಟಿತು. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದವರು ಆಲೂಗಡ್ಡೆಯಂತೆ ತಿನ್ನುವ ಉಲ್ಲೂಕೊ ಗಡ್ಡೆ ಈ ಕುಟುಂಬದ್ದು. ಕರಾವಳಿಯ ಬಚ್ಚಲ ಹಿಂದಿನ ಚಪ್ಪರದಿಂದ ಹೊರಟ ಮಾತು ಪೆರು ದೇಶದ ಹೊಲಕ್ಕೂ ಮನೆತನದ ಹೆಸರು ಕೊಟ್ಟಿದೆ.

ಇಷ್ಟಕ್ಕೇ ಬೀಗಬೇಕಾಗಿಲ್ಲ. ಪಾಪಾಸುಕಳ್ಳಿಯನ್ನು ನೋಡಿ. ಅದು ಅಮೆರಿಕದಿಂದ ಬಂದ ನಿಜವಾದ ಕ್ಯಾಕ್ಟಸ್. ಪಾಪಾಸು ಎಂದರೆ ಜೋಡು, ಪಾರ್ಸಿಯ ಮಾತು. ಮುಳ್ಳಿನ ಆ ಹಲಗೆಗಳು ಮೆಟ್ಟಿನ ಅಟ್ಟೆಯಂತೆ ಕಂಡವು; ಮುಳ್ಳಿದ್ದುದರಿಂದ ನಮ್ಮವರು ಅದನ್ನು ಕಳ್ಳಿಯ ಮನೆತನಕ್ಕೆ ಸೇರಿಸಿದರು. ಹೆಸರಿಟ್ಟ ರೀತಿ ಲಿನೇಯಸನದೇ: ಎಲೆಗಳ್ಳಿ, ಪಾಪಾಸುಕಳ್ಳಿ ಎಂದು ಕುಲಕ್ಕೊಂದು ಮಾತು, ಜಾತಿಗೊಂದು ಮಾತು. ಲಿನೇಯಸ್ ಹೂವನ್ನು ಬಿಡಿಸಿ ನೋಡಿದ, ನಾವು ಮುಳ್ಳನ್ನು ನೋಡಿದೆವು. ಹಾಲಿಲ್ಲದ ಗಿಡವೂ ಕಳ್ಳಿಯಾಯಿತು. ಪೇಟೆಯವರು ಕಳ್ಳಿಯನ್ನು ಕ್ಯಾಕ್ಟಸ್ ಎನ್ನುವ ಮೊದಲೇ ನಾವು ಕ್ಯಾಕ್ಟಸನ್ನು ಕಳ್ಳಿ ಎಂದಾಗಿತ್ತು.

ಪಂಡಿತರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ‘ಕಾಕ್ಟೋಸ್’ ಎಂಬುದು ಗ್ರೀಕರ ಥಿಯೊಫ್ರಾಸ್ಟಸ್ ಸಿಸಿಲಿಯ ಒಂದು ಮುಳ್ಳುಗಿಡಕ್ಕೆ ಬಳಸಿದ ಹೆಸರು. ಅಮೆರಿಕದ ಸುದ್ದಿಯೇ ಆಗ ಇಲ್ಲ. ಪಾಪಾಸುಕಳ್ಳಿಯ ಶಾಸ್ತ್ರನಾಮವಾದ ‘ಒಪುಂಟಿಯ’ ಗ್ರೀಸಿನ ಒಪಸ್ ಎಂಬ ಊರಿನ ಯಾವುದೋ ಸೊಪ್ಪಿಗಿದ್ದ ಹೆಸರು. ಲಿನೇಯಸ್ ಇವನ್ನೆಲ್ಲ ‘ಕ್ಯಾಕ್ಟಸ್’ ಎಂಬ ಒಂದೇ ಕುಲಕ್ಕೆ ತುಂಬಿದ. ಮುಂದಿನವರು ಅದನ್ನು ಒಡೆದು ಹಂಚಿದರು. ಕೊನೆಗೆ ಕುಟುಂಬಕ್ಕೆ ಆ ಹೆಸರು ಉಳಿಯಿತೇ ಹೊರತು ‘ಕ್ಯಾಕ್ಟಸ್’ ಎಂಬ ಕುಲವೇ ಇಂದು ಶಾಸ್ತ್ರದಲ್ಲಿಲ್ಲ.

ಲೋಳೆಸರದ ಹೆಸರಿನ ವ್ಯಾಜ್ಯ ಇನ್ನೂ ಸ್ವಾರಸ್ಯದ್ದು. 1768ರ ಏಪ್ರಿಲಿನಲ್ಲಿ ಬರ್ಮನ್ ಎಂಬವನು ‘ಆಲೊ ವೆರ’ ಎಂದೂ ಲಂಡನ್ನಿನ ಮಿಲ್ಲರ್ ‘ಆಲೊ ಬಾರ್ಬಡೆನ್ಸಿಸ್’ ಎಂದೂ ಹೆಸರಿಟ್ಟರು. ಬರ್ಮನ್ನನ ಪುಸ್ತಕ ಹತ್ತು ದಿನ ಮೊದಲು ಹೊರಬಂದಿತ್ತು. ‘ವೆರ’ ಗೆದ್ದಿತು. ಸಾಬೂನಿನ ಪೊಟ್ಟಣಗಳ ಮೇಲೆ ಇಂದೂ ಎರಡೂ ಇರುತ್ತವೆ.

ದೇಶೀ ಹೆಸರಿದ್ದ ಕಡೆ ಅದನ್ನು ನಂಬದೆ ದೂರದ ಮೂಲ ಹುಡುಕುವ ಚಟವೂ ಉಂಟು. ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ದನಕಾಯುವ ಹುಡುಗರು ಹಸಿಯಾಗಿಯೇ ಕಡಿದು ತಿನ್ನುವ, ನಾಲ್ಕು ಮೂಲೆಯ ದಂಟಿನ ಗಿಡಕ್ಕೆ ‘ಕೆರಲ್ಲುಮ’ ಎಂದು ಹೆಸರು. ತೆಲುಗರು ಅದನ್ನು ‘ಕಾರಲ್ಲಮ್’ ಎನ್ನುತ್ತಾರೆಂದು ರಾಕ್ಸ್‌ಬರೊ 1795ರಲ್ಲಿ ಬರೆದ. 1810ರಲ್ಲಿ ರಾಬರ್ಟ್ ಬ್ರೌನ್ ಕುಲ ಸ್ಥಾಪಿಸಿದ. ಇಷ್ಟು ಕಣ್ಣೆದುರಿಗಿದ್ದರೂ ಅರಬ್ಬೀ ಭಾಷೆಯಲ್ಲಿ ಮಾಂಸದ ಹುಣ್ಣಿಗೆ ಸಂಬಂಧಿಸಿದ ಮಾತೊಂದರಿಂದ ಅದು ಬಂತೆಂದು ವಾದಿಸಿದವರಿದ್ದಾರೆ. ಕಾಡುಬಸಳೆಯ ಕುಲವಾದ ‘ಕಲಂಕೊಯಿ’ಯ ಪಾಡೂ ಇದೇ. ಅದು ಮನಿಲದಲ್ಲಿದ್ದ ಕಾಮೆಲ್ ಕೇಳಿ ಬರೆದುಕೊಂಡ ಚೀನೀ ಹೆಸರು. 1763ರಲ್ಲಿ ಫ್ರಾನ್ಸಿನ ಅದಾನ್ಸನ್ ಎತ್ತಿಕೊಂಡ. ಸಂಸ್ಕೃತದ ‘ಕಲಂಕ’, ‘ಛಾಯಾ’ಗಳನ್ನು ಜೋಡಿಸಿ ಅದನ್ನು ನಮ್ಮದೆನ್ನುವವರೂ ಉಂಟು. ಕಳ್ಳಿ, ಬಸಳೆಗಳು ನಿಜವಾಗಿ ನಮ್ಮವಾಗಿರುವಾಗ ಚೀನದವರ ಗಂಟಿಗೆ ಕೈಹಾಕುವುದೇಕೆ?

ಹಾಗೆಂದು ಊರ ಹೆಸರೊಂದಿದ್ದರೆ ಸಾಕೆನ್ನುವಂತಿಲ್ಲ. ಬೊಂತೆಗಳ್ಳಿ ಎಂಬ ಹೆಸರನ್ನು ಒಂದು ಪುಸ್ತಕದಲ್ಲಿ ಮೂಲೆಮೂಲೆಯ ಕಾಂಡದ ಕಳ್ಳಿಗೂ ಇನ್ನೊಂದರಲ್ಲಿ ಈ ಪೆನ್ಸಿಲಿನ ಕಳ್ಳಿಗೂ ಕೊಟ್ಟಿರುವುದನ್ನು ನೋಡಬಹುದು. ಮದ್ದಿಗೆಂದು ಗಿಡ ತರುವಾಗ ಇದು ಸಣ್ಣ ಗೊಂದಲವಲ್ಲ. ಲ್ಯಾಟಿನ್ ಸಾಲು ಬೇಕಾಗುವುದು ಅಲ್ಲೇ.

ಅಂದು ವಿದ್ಯಾನಗರದಲ್ಲಿ ಇದನ್ನೆಲ್ಲ ಹೇಳುವಷ್ಟು ಹೊತ್ತಿರಲಿಲ್ಲ. ಚೀಟಿಯ ಕೆಳಗಿನ ಸಾಲನ್ನು ಮಾತ್ರ ಗಟ್ಟಿಯಾಗಿ ಓದಿದೆ. ಅಜ್ಜಿ ಮೊದಲ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯದನ್ನು ಕೇಳಿ, “ಕಲ್ಲಿ ಅಲ್ಲಪ್ಪಾ, ಕಳ್ಳಿ” ಎಂದು ನನ್ನನ್ನು ತಿದ್ದಿದರು. ಮಿತ್ರರ ಮಗ ಕುಂಡವನ್ನೆತ್ತಿಕೊಂಡು ಮಾಳಿಗೆಯ ಮೇಲೆ ಇಟ್ಟುಬಂದ.