ಬೋರ್ಡಿನಲ್ಲಿಲ್ಲದ ಮೀನು

ಪುಣೆಯಲ್ಲಿ ನಾನು ಉಡುಪಿ ಕಡೆಯವಳು ಎಂದರೆ ಸಾಕು, ಎದುರಿನವರಿಗೆ ನೆನಪಾಗುವುದು ಇಡ್ಲಿ ಸಾಂಬಾರು. ಅವರ ತಪ್ಪೇನಿಲ್ಲ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಬೆಳೆಸಿದ ಜಗನ್ನಾಥ ಶೆಟ್ಟರು ನಮ್ಮ ಕರಾವಳಿಯವರೇ. ಹಾಗೆ ಊರು ಬಿಟ್ಟು ಬಂದ ಎಷ್ಟೋ ಹೋಟೆಲಿನವರು ಈ ಶಹರಕ್ಕೆ ದೋಸೆ, ಕಾಫಿಯ ರುಚಿ ಹಿಡಿಸಿದ್ದಾರೆ. ಆದರೆ ಊರಿನ ಹೆಚ್ಚಿನ ಮನೆಗಳಲ್ಲಿ ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಜೊತೆಗಿರುವುದು ಬಂಗುಡೆ ಸಾರು, ಇಲ್ಲವೇ ಬೂತಾಯಿ ಪುಳಿಮುಂಚಿ. ಒಂದು ಸೀಮೆಯ ದಿನದ ಊಟ ಆ ಸೀಮೆಯ ಹೆಸರು ಹೊತ್ತ ಬೋರ್ಡಿನಲ್ಲೇ ಇಲ್ಲ!

ಅದಕ್ಕೆ ವ್ಯಾಪಾರದ ಕಾರಣವಿದೆ. ಮಠದ ಊರಿನ ಬ್ರಾಹ್ಮಣ ಅಡುಗೆಯವರು ತಂದ ಹೆಸರು ಅದು. ಯಾವ ಜಾತಿಯ ಗಿರಾಕಿಯೂ ಅನುಮಾನವಿಲ್ಲದೆ ಒಳಗೆ ಬರುತ್ತಿದ್ದ. ಆಮೇಲೆ ಬಂದ ಬಂಟರೂ ಇತರರೂ ಅದೇ ಹೆಸರಿನಲ್ಲಿ ಅಂಗಡಿ ತೆರೆದರು.

ನಮ್ಮ ಗ್ರಂಥಗಳ ಕಥೆಯೂ ಹೆಚ್ಚು ಬೇರೆಯಲ್ಲ. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯ ಭಾಗವಿದೆ, 16ನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಪೂರ್ತಿ ಅಡುಗೆಯದೇ. ಇಬ್ಬರೂ ಜೈನರು, ಮೀನಿಗೆ ಅಲ್ಲಿ ಜಾಗವಿಲ್ಲ. ಈ ಇಬ್ಬರ ನಡುವೆ, 12ನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಗಾಳ ಹಾಕುವುದನ್ನು ಅವನು ರಾಜನ ವಿನೋದಗಳಲ್ಲಿ ಒಂದೆಂದು ಎಣಿಸುತ್ತಾನೆ. ಹೊಳೆಯ ಮೀನು, ಕಡಲಿನ ಮೀನು ಎಂದು ವಿಂಗಡಿಸಿ ಹೆಸರು ಹೇಳುತ್ತಾನೆ, ಯಾವುದಕ್ಕೆ ಯಾವ ಆಹಾರ ಹಾಕಬೇಕೆಂದು ಬರೆಯುತ್ತಾನೆ. ಅರಸನ ಊಟದ ಭಾಗದಲ್ಲೂ ಮೀನಿದೆ. ಅವನ ಕಲ್ಯಾಣ ಎಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಲ್ಲಿಂದ ಕಡಲು ಎಷ್ಟು ದೂರ ನೋಡಿ! ಒಳನಾಡಿನವರಿಗೆ ಮೀನು ಮೊದಲಿನಿಂದಲೂ ಅಸಹ್ಯ ಎನ್ನುವವರಿಗೆ ನಾನು ಈ ದೊರೆಯನ್ನು ತೋರಿಸುತ್ತೇನೆ.

ಅಸಹ್ಯಕ್ಕೆ ಧರ್ಮವೇ ಬೇಕೆಂದಿಲ್ಲ. ನಮ್ಮ ಕಡಲಿನ ಆಚೆ ದಡದ ಸೋಮಾಲಿಯಾದಲ್ಲಿ ಮಾಂಸ ತಿನ್ನುವ ಒಂಟೆಗಾಹಿಗಳೇ ಮೀನು ತಿನ್ನುವವರನ್ನು ಕೀಳಾಗಿ ಕಂಡವರು. ಬ್ರಾವಾ, ಮೊಗದಿಶುವಿನಂಥ ಬಂದರುಗಳಲ್ಲಿ ಮೀನು ನಿತ್ಯದ ಊಟ. ಒಳನಾಡಿನಲ್ಲಿ ಅದು ದನ, ಒಂಟೆ ಇಲ್ಲದ ಬಡವನ ಗುರುತು. 1974-75ರ ಬರದಲ್ಲಿ ಜಾನುವಾರು ಸತ್ತ ಮೇಲೆ ಸರ್ಕಾರ ಸಾವಿರಾರು ಗಾಹಿಗಳನ್ನು ಕಡಲ ತೀರಕ್ಕೆ ತಂದು ಬಲೆ ಹಿಡಿಸಿತು. ಮಳೆ ಬಂದದ್ದೇ ತಡ, ಬಹಳ ಮಂದಿ ಮತ್ತೆ ಒಂಟೆಗಳ ಕಡೆ ನಡೆದರು.

ನಮ್ಮಲ್ಲಿ ಮೊಗವೀರ, ಖಾರ್ವಿಗಳ ಕಸುಬಿನ ಬಗ್ಗೆ ಮೂಗು ಮುರಿದವರ ತೋಟಕ್ಕೂ ಮೀನು ಹೋಗುತ್ತಿತ್ತು. ಬೂತಾಯಿ ರಾಶಿ ಬಿದ್ದ ವರ್ಷ ಅದು ತೆಂಗಿನ ಬುಡಕ್ಕೆ ಗೊಬ್ಬರ. ಆ ಕಾಯಿಯ ಚಟ್ನಿ ಶುದ್ಧ ಸಸ್ಯಾಹಾರ!

ಹಸಿ ಮೀನು ಘಟ್ಟ ಹತ್ತುವುದು ಕಷ್ಟ, ಒಣಮೀನು ಹತ್ತಿತು. ಬ್ರಿಟಿಷರ ಉಪ್ಪಿನ ತೆರಿಗೆ ಏರಿದಾಗ ಬಡ ಮೀನುಗಾರರು ಉಪ್ಪುಮಣ್ಣು ಹಚ್ಚಿ ಮೀನು ಒಣಗಿಸುತ್ತಿದ್ದರು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಮದ್ರಾಸ್ ಸರ್ಕಾರ ಮಲಬಾರ್, ದಕ್ಷಿಣ ಕನ್ನಡದ ತೀರದಲ್ಲಿ ಬೇಲಿ ಹಾಕಿದ ಯಾರ್ಡುಗಳನ್ನು ತೆರೆದು, ಅದರೊಳಗೆ ಮೀನಿಗೆ ಹಾಕುವುದಕ್ಕೆ ಮಾತ್ರ ಅಗ್ಗದ ಉಪ್ಪು ಕೊಟ್ಟಿತು. ಅಲ್ಲಿಂದ ಉಪ್ಪುಮೀನು ಕೊಲಂಬೊಗೆ ಹಡಗೇರಿತು, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಆಳುಗಳಿಗೂ ತಲುಪಿತು. ಮಳೆಗಾಲದಲ್ಲಿ ದೋಣಿ ಇಳಿಯದ ತಿಂಗಳುಗಳಿಗೆ ಗಂಜಿಯ ಜೊತೆ ಅದೇ ಗತಿ.

ಪುಣೆಯಲ್ಲಿ ನನ್ನ ಮೊದಲ ಬಾಡಿಗೆ ಮನೆಗೆ ಅಮ್ಮ ಕಟ್ಟಿಕೊಟ್ಟದ್ದೂ ಒಣಮೀನೇ. ಸುಟ್ಟ ದಿನ ಸಂಜೆಯೇ ಮನೆ ಮಾಲೀಕರು ಬಂದರು. ಬೇಯಿಸಿದ ಮೊಟ್ಟೆಯವರೆಗೆ ಪರವಾಗಿಲ್ಲ, ಇದು ಮಾತ್ರ ಬೇಡ ಎಂದರು. ಆ ಮನೆಯಲ್ಲಿದ್ದ ಎರಡು ವರ್ಷ ಡಬ್ಬಿ ತೆರೆಯಲಿಲ್ಲ. ಊರಿಗೆ ಫೋನ್ ಮಾಡಿದಾಗ ಅಮ್ಮ, “ಮುಗಿಯಿತಾ? ಇನ್ನೊಂದಿಷ್ಟು ಕಳಿಸಲಾ?” ಎಂದು ಕೇಳುತ್ತಿದ್ದರು. ಇದೆ, ಇದೆ ಎನ್ನುತ್ತಿದ್ದೆ.

ಈಗಿನ ಮನೆಯ ಪಕ್ಕದಲ್ಲಿ ರತ್ನಾಗಿರಿಯ ಕಾಕೂ ಇದ್ದಾರೆ. ಗಣೇಶ ಪೇಠೆಯ ಮೀನು ಮಾರುಕಟ್ಟೆಗೆ ಒಟ್ಟಿಗೆ ಹೋಗುತ್ತೇವೆ. ನನ್ನ ಅಂಜಲ್ ಅವರಿಗೆ ಸುರ್ಮಯಿ, ಬಂಗುಡೆ ಬಾಂಗ್ಡಾ. ಆಷಾಢ ಬಂದರೆ ಅವರು ಸುಕಟ್ ಹುರಿಯುತ್ತಾರೆ, ಕಿಟಕಿ ಮುಚ್ಚುವುದಿಲ್ಲ.