ಆಲಿಸುವವರು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬುದು ನಮ್ಮ ಹಿರಿಯರ ಗಾದೆ. ಅದರಂತೆ ನಗರಗಳು ನೀರಿನ ಬಂಡಿಯನ್ನೂ ಏಣಿಯನ್ನೂ ಹಗಲಿರುಳು ಕಾದಿರುವ ಆಳುಗಳನ್ನೂ ಮೊದಲೇ ಸಜ್ಜುಗೊಳಿಸಿಕೊಂಡಿರುತ್ತವೆ. ಆದರೆ ಮನಸ್ಸೇ ಹೊತ್ತಿ ಉರಿಯುವಾಗ ಮನುಷ್ಯ ನಡುರಾತ್ರಿಯಲ್ಲಿ ಯಾರನ್ನು ಕೂಗಬೇಕು? ಈ ಪ್ರಶ್ನೆಯನ್ನು ಕೇಳಿಕೊಂಡು, ಉತ್ತರವಾಗಿ ಒಂದು ಏರ್ಪಾಟನ್ನೇ ಕಟ್ಟಿದವರು ಇಂಗ್ಲೆಂಡಿನ ಪಾದ್ರಿ ಚಾಡ್ ವಾರಾ.

1935ರಲ್ಲಿ ಅವರು ಲಿಂಕನ್ ಪಟ್ಟಣದ ಕಿರಿಯ ಪಾದ್ರಿ. ಅವರು ನಡೆಸಿದ ಮೊದಲ ಶವಸಂಸ್ಕಾರ, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ ಹದಿನಾಲ್ಕರ ಬಾಲಕಿಯೊಬ್ಬಳದು. ಮೈನೆರೆದುದನ್ನೇ ಆಕೆ ನಾಚಿಕೆಗೇಡಿನ ರೋಗವೆಂದು ತಿಳಿದಿದ್ದಳು. ಅಂಜಿಕೆಯಿಲ್ಲದೆ ಬಾಯಿಬಿಡಲು ಆಕೆಗೊಬ್ಬರು ಇರಲಿಲ್ಲವಲ್ಲ ಎಂಬ ಕೊರಗು ಅವರನ್ನು ಬಿಡಲಿಲ್ಲ.

1953ರಲ್ಲಿ ವಾರಾ ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿಗೆ ಬಂದರು. ವರ್ತಕರ ಬೀದಿಗಳ ನಡುವಣ ಆ ಚರ್ಚಿನ ಸುತ್ತ ವಾಸದ ಮನೆಗಳು ತೀರ ವಿರಳ, ಅವರಿಗೆ ಬಿಡುವಿತ್ತು. ಬೆಂಕಿಗೂ ಅಪಘಾತಕ್ಕೂ 999 ಎಂಬ ಸಂಖ್ಯೆಯಿರುವಂತೆ ಹತಾಶರಿಗೂ ನೆನಪಿನಲ್ಲುಳಿಯುವ ಸಂಖ್ಯೆಯೊಂದು ಬೇಕೆಂದು ಅವರು ಬಯಸಿದರು. ಚರ್ಚಿನ ದೂರವಾಣಿಯ ಸಂಖ್ಯೆ ಮ್ಯಾನ್‌ಷನ್ ಹೌಸ್ 9000. ಅದೇ ವರ್ಷ ನವೆಂಬರ್ 2ರಂದು ಕೆಲಸ ಆರಂಭವಾಯಿತು. ಆತ್ಮಹತ್ಯೆಯ ಯತ್ನ ಇಂಗ್ಲೆಂಡಿನಲ್ಲಿ ಆಗಿನ್ನೂ ಅಪರಾಧ. 1961ರವರೆಗೂ ಹಾಗೆಯೇ ಇತ್ತು. ಆದುದರಿಂದ ಗುಟ್ಟನ್ನು ಕಾಯುವುದು ಇಲ್ಲಿ ಬರಿಯ ಸೌಜನ್ಯವಾಗಿರದೆ ಅಭಯದಾನವೇ ಆಗಿತ್ತು.

ಮುಂದೆ ನಡೆದುದು ವಾರಾ ಎಣಿಸಿರದ ಸಂಗತಿ. ಅವರನ್ನು ಕಾಣಬಂದವರು ಸರದಿಗಾಗಿ ಕಾಯಬೇಕಾಗುತ್ತಿತ್ತು. ಕೆಲವು ಸ್ವಯಂಸೇವಕರು ಅವರಿಗೆ ಚಹಾ ಕೊಟ್ಟು ಪಕ್ಕದಲ್ಲಿ ಕುಳಿತು ಹೇಳಿದುದನ್ನು ಕೇಳುತ್ತಿದ್ದರು. ಹಾಗೆ ಹೇಳಿಕೊಂಡ ಅನೇಕರು ಹಗುರಾಗಿ, ಪಾದ್ರಿಯನ್ನು ಕಾಣದೆಯೇ ಹಿಂದಿರುಗಿದರು. ತಮ್ಮ ಉಪದೇಶಕ್ಕಿಂತ ಆ ಚಹಾದ ಜೊತೆಗಿನ ಮೌನಕ್ಕೇ ಹೆಚ್ಚಿನ ಶಕ್ತಿಯಿದೆಯೆಂದು ಒಪ್ಪಿಕೊಳ್ಳುವ ವಿನಯ ವಾರಾ ಅವರಲ್ಲಿತ್ತು. 1954ರ ಫೆಬ್ರವರಿ 2ರಂದು ದೂರವಾಣಿಯನ್ನು ಸ್ವಯಂಸೇವಕರಿಗೇ ಒಪ್ಪಿಸಿದರು. ಪತ್ರಿಕೆಯೊಂದು ಕೊಟ್ಟ 'ಸಮಾರಿಟನ್ಸ್' ಎಂಬ ಹೆಸರು ಆ ಸಂಸ್ಥೆಗೆ ನಿಂತಿತು.

ಆದರೆ ಕನಿಕರವೊಂದೇ ಸಾಲದು. ಅದಕ್ಕೂ ಶಿಸ್ತು ಬೇಕು. ಸ್ವಯಂಸೇವಕರನ್ನು ಆರಿಸಿ, ತರಬೇತಿ ಕೊಟ್ಟು, ಪಾಳಿ ಗೊತ್ತುಮಾಡಲಾಯಿತು. ಬುದ್ಧಿ ಹೇಳಬಾರದು, ಮತಬೋಧೆ ಕೂಡದು, ಬೆಚ್ಚಿಬೀಳಬಾರದು. ವೈದ್ಯರ ಅಗತ್ಯವಿದ್ದಲ್ಲಿ ದಾರಿ ತೋರಬೇಕು. ಸಂಕಟದ ಗಳಿಗೆಗೆ ಸಿದ್ಧವಾಗಿರುವುದೆಂದರೆ ಇದೇ.

ನಮ್ಮ ನಾಡಿನಲ್ಲಿಯೂ 1860ರ ದಂಡಸಂಹಿತೆ ಇಂಥ ಯತ್ನವನ್ನು ಅಪರಾಧವೆಂದೇ ಎಣಿಸಿತ್ತು. ಆ ನೆರಳಿನಲ್ಲಿಯೇ 1986ರಲ್ಲಿ ಮದರಾಸಿನಲ್ಲಿ ಡಾಕ್ಟರ್ ಲಕ್ಷ್ಮಿ ವಿಜಯಕುಮಾರ್ 'ಸ್ನೇಹ' ಸಂಸ್ಥೆಯನ್ನು ಸ್ಥಾಪಿಸಿದರು. 2017ರ ಮಾನಸಿಕ ಆರೋಗ್ಯ ಕಾಯಿದೆ, ಅಂಥವರು ತೀವ್ರ ಒತ್ತಡಕ್ಕೆ ಸಿಕ್ಕವರೆಂದು ಭಾವಿಸಿ ಶಿಕ್ಷೆಯ ಬದಲು ಆರೈಕೆಯನ್ನು ಸರ್ಕಾರದ ಕರ್ತವ್ಯವಾಗಿಸಿತು. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ದೂರವಾಣಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರಸ್ಥಾನ. 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೆನ್ನದೆ, ಕನ್ನಡದಲ್ಲಿಯೂ ದನಿಗೊಡುವವರಿದ್ದಾರೆ.

ವಾರಾ ಬಳಸಿದ ದೂರವಾಣಿಯನ್ನು ಆ ಚರ್ಚಿನಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಸ್ಮಾರಕ ಅವರಿಗಿರಲಿ. ನಮ್ಮ ಮನೆಯ ಗೋಡೆಯ ಮೇಲೆ ಸಂಖ್ಯೆಯೊಂದನ್ನು ಇಂದೇ ಬರೆದಿಡೋಣ. ಅದಕ್ಕೂ ಮೊದಲು, ನಮ್ಮ ಮುಂದೆ ಕುಳಿತು ಯಾರಾದರೂ ತಡವರಿಸಿ ಮಾತು ತೆಗೆದಾಗ, ನಡುವೆ ಬಾಯಿಹಾಕದೆ ಆಲಿಸುವುದನ್ನು ಕಲಿಯೋಣ.